ಐನೂರ ಒಂದರಿಂದ ಸೊನ್ನೆಗೆ

ಕೆರೆಬಿಳಚಿಯಿಂದ ತಂದೆಯೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕುತ್ತಿಲ್ಲ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಮೂವರು ಮಕ್ಕಳು. ಹಿರಿಯವನು ಈ ಸಲ ಎಸ್ಸೆಸ್ಸೆಲ್ಸಿ. ಕಾಗದದ ಸಾರಾಂಶ ಅವರ ಮಾತಿನಲ್ಲೇ ಇದೆ, ಓದಿ:

“ಮೇಷ್ಟ್ರೇ, ದಸರಾ ರಜೆಯಲ್ಲಿ ದಾವಣಗೆರೆಗೆ ಸೋದರಮಾವನ ಮನೆಗೆ ಹೋದವನು ಬರುವಾಗ ಒಂದು ದುಂಡನೆಯ ಹಲಗೆ ಹೊತ್ತು ತಂದ. ಅದನ್ನು ಪಡಸಾಲೆಯ ಗೋಡೆಗೆ ತೂಗುಹಾಕಿ ಮುಳ್ಳಿನಂಥದ್ದನ್ನು ಎಸೆಯುತ್ತಾ ನಿಲ್ಲುತ್ತಾನೆ. ಸಂಜೆಯಾದರೆ ಟಕ್, ಟಕ್, ಟಕ್. ಪುಸ್ತಕ ಹಿಡಿ ಅಂದರೆ ಇನ್ನೊಂದೇ ಒಂದು ಆಟ ಅನ್ನುತ್ತಾನೆ. ಇದು ಫಾರಿನ್ನಿನಲ್ಲಿ ಕುಡಿಯುವ ಅಂಗಡಿಯ ಆಟ ಅಂತ ಊರಿನವರೊಬ್ಬರು ಹೇಳಿದರು. ಮಗನನ್ನು ಕೇಳಿದರೆ, ‘ಅಪ್ಪಾ, ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಇದೆ, ಹದಿನೇಳು ವರ್ಷದ ಹುಡುಗ ಗೆದ್ದಿದ್ದಾನೆ’ ಅಂತ ನನಗೇ ಪಾಠ ಹೇಳುತ್ತಾನೆ. ನೀವು ಗಣಿತದ ಮೇಷ್ಟ್ರು, ನೀವೇ ಹೇಳಿ. ಹಲಗೆಯನ್ನು ನೀರೊಲೆಗೆ ಹಾಕಲೋ, ಬಿಡಲೋ?”

ಪ್ರಶ್ನೆ ನೇರವಾಗಿದೆ. ಉತ್ತರವನ್ನೂ ನೇರವಾಗಿಯೇ ಹೇಳಬೇಕು. ಆದರೆ ಒಂದು ವಸ್ತುವನ್ನು ಒಲೆಗೆ ಹಾಕುವ ಮುಂಚೆ ಅದು ಏನು, ಎಲ್ಲಿಂದ ಬಂತು ಎಂದು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ? ಹಾಗಾಗಿ ಈ ವಾರ ಡಾರ್ಟ್ಸ್ ಆಟದ ಕಥೆ, ಅದರಲ್ಲೂ ಆ ಹುಡುಗ ಹೇಳುವ ವಿಶ್ವ ಚಾಂಪಿಯನ್‌ಷಿಪ್ಪಿನ ಕಥೆ.

ಕತ್ತಾಳೆ ನಾರಿನ ಹಲಗೆ

ಮೊದಲು ಹಲಗೆಯನ್ನೇ ನೋಡೋಣ. ಅದು ಹಲಗೆಯೇ ಅಲ್ಲ! ಒಳ್ಳೆಯ ಡಾರ್ಟ್ ಬೋರ್ಡನ್ನು ಮರದಿಂದ ಮಾಡುವುದಿಲ್ಲ, ಸಿಸಾಲ್ ನಾರಿನಿಂದ ಮಾಡುತ್ತಾರೆ. ಸಿಸಾಲ್ ಎಂದರೆ ನಮ್ಮ ಬೇಲಿಸಾಲಿನ ಕತ್ತಾಳೆಯ ಜಾತಿಗೆ ಸೇರಿದ ಗಿಡ. ನಮ್ಮ ಹಿರಿಯರು ಕತ್ತಾಳೆಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರಲ್ಲ, ಅಂಥದೇ ನಾರು. ಆ ನಾರನ್ನು ಕಂತೆ ಕಂತೆಯಾಗಿ ನಿಲ್ಲಿಸಿ, ಬಿಗಿಯಾಗಿ ಅದುಮಿ, ಸುತ್ತ ಪಟ್ಟಿ ಕಟ್ಟುತ್ತಾರೆ. ಡಾರ್ಟಿನ ಮೊನೆ ನಾರನ್ನು ಸೀಳುವುದಿಲ್ಲ. ಎರಡು ನಾರಿನ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗುತ್ತದೆ. ಕಿತ್ತರೆ ನಾರು ಮತ್ತೆ ಕೂಡಿಕೊಂಡು ತೂತು ಮುಚ್ಚುತ್ತದೆ. ಸಾವಿರ ಸಲ ಚುಚ್ಚಿಸಿಕೊಂಡೂ ಬಾಳುವ ಗುಟ್ಟು ಇದು. 1930ರ ದಶಕದಲ್ಲಿ ಇಂಗ್ಲೆಂಡಿನ ನೋಡರ್ ಕಂಪನಿ ಈ ಬಗೆಯ ಬೋರ್ಡನ್ನು ಬಳಕೆಗೆ ತಂದಿತು. ಅದಕ್ಕೆ ಮುಂಚೆ ಮರದ ಬೋರ್ಡುಗಳಿದ್ದವು. ರಾತ್ರಿ ನೀರಿನಲ್ಲಿ ನೆನೆಸಿಡದಿದ್ದರೆ ಒಣಗಿ ಬಿರುಕು ಬಿಡುತ್ತಿದ್ದವು.

ಬೋರ್ಡಿನ ಅಡ್ಡಳತೆ 451 ಮಿಲಿಮೀಟರ್. ಅದರ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು. ಆಡುವವನು 2.37 ಮೀಟರ್ ದೂರದ ಗೆರೆಯ ಹಿಂದೆ ನಿಲ್ಲಬೇಕು. ಬೋರ್ಡಿನಲ್ಲಿ 1ರಿಂದ 20ರವರೆಗೆ ಇಪ್ಪತ್ತು ಮನೆಗಳು. ಹೊರ ಅಂಚಿನಲ್ಲಿ ಒಂದು ತೆಳು ಪಟ್ಟಿ. ಅಲ್ಲಿ ಬಿದ್ದರೆ ಆ ಮನೆಯ ಅಂಕದ ಎರಡರಷ್ಟು. ಒಳಗೆ ಇನ್ನೊಂದು ಪಟ್ಟಿ. ಅಲ್ಲಿ ಬಿದ್ದರೆ ಮೂರರಷ್ಟು. ಈ ಪಟ್ಟಿಗಳ ಅಗಲ ಬರೀ 8 ಮಿಲಿಮೀಟರ್, ನಿಮ್ಮ ಪೆನ್ಸಿಲ್ಲಿನ ದಪ್ಪದಷ್ಟು. ನಟ್ಟನಡುವೆ ‘ಬುಲ್’ ಎಂಬ ಚಿಕ್ಕ ವೃತ್ತ, ಅದಕ್ಕೆ 50. ಅದರ ಸುತ್ತಲಿನ ಬಳೆಗೆ 25.

ಒಂದು ಸರದಿಗೆ ಮೂರು ಡಾರ್ಟು. ಆಟ 501ರಿಂದ ಶುರು. ಹೊಡೆದ ಅಂಕವನ್ನು ಕಳೆಯುತ್ತಾ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬಂದು ನಿಲ್ಲಬೇಕು. ಕೊನೆಯ ಡಾರ್ಟು ಎರಡರಷ್ಟರ ಪಟ್ಟಿಗೋ ನಡುವಿನ ಬುಲ್ಲಿಗೋ ಬೀಳಲೇಬೇಕು. ಸೊನ್ನೆಯನ್ನು ದಾಟಿದರೆ, ಅಥವಾ 1 ಉಳಿಸಿಕೊಂಡರೆ, ಆ ಸರದಿಯ ಅಂಕವೆಲ್ಲ ರದ್ದು. ಇದು ಕೂಡುವವರ ಆಟವಲ್ಲ, ಕಳೆಯುವವರ ಆಟ.

ಇನ್ನು ಅಂಕಿಗಳು ಕೂತಿರುವ ಕ್ರಮ ನೋಡಿ. ಮೇಲಿನಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 20, 1, 18, 4, 13, 6, 10, 15, 2, 17, 3, 19, 7, 16, 8, 11, 14, 9, 12, 5. ಲಂಗುಲಗಾಮಿಲ್ಲದೆ ಬರೆದಂತೆ ಕಂಡರೂ ಇದರಲ್ಲಿ ಒಂದು ಜಾಣತನವಿದೆ. ದೊಡ್ಡ ಅಂಕಿಯ ಅಕ್ಕಪಕ್ಕದಲ್ಲಿ ಸಣ್ಣ ಅಂಕಿ ಕೂತಿದೆ. 20ರ ಎಡಬಲಕ್ಕೆ 5 ಮತ್ತು 1. 19ರ ಎಡಬಲಕ್ಕೆ 7 ಮತ್ತು 3. ದುರಾಸೆಯಿಂದ 20ಕ್ಕೆ ಗುರಿಯಿಟ್ಟು ಕೈ ತಪ್ಪಿದವನಿಗೆ ಶಿಕ್ಷೆ ಪಕ್ಕದಲ್ಲೇ ಕಾದಿರುತ್ತದೆ.

ವಿದ್ಯಾರ್ಥಿ ಮಿತ್ರರೇ, ಇಲ್ಲೊಂದು ಲೆಕ್ಕ ಮಾಡಿ. ಹೊಸದಾಗಿ ಆಡುವ ಹುಡುಗನ ಕೈ ಇನ್ನೂ ಪಳಗಿಲ್ಲ. ಅವನ ಮೂರು ಡಾರ್ಟುಗಳಲ್ಲಿ ಒಂದು ಗುರಿಯಿಟ್ಟ ಮನೆಗೆ, ಒಂದು ಅದರ ಎಡಕ್ಕೆ, ಒಂದು ಬಲಕ್ಕೆ ಬೀಳುತ್ತದೆ ಎಂದಿಟ್ಟುಕೊಳ್ಳಿ. 20ಕ್ಕೆ ಗುರಿಯಿಟ್ಟರೆ ಅವನಿಗೆ ಸಿಗುವುದು 5+20+1, ಅಂದರೆ 26. ಅದೇ ಹುಡುಗ ಯಾರಿಗೂ ಬೇಡವಾದ 7ಕ್ಕೆ ಗುರಿಯಿಟ್ಟರೆ? 19+7+16, ಅಂದರೆ 42! ಸರಾಸರಿ, ಸಂಭವನೀಯತೆ ಎಂದು ಪುಸ್ತಕದಲ್ಲಿ ಓದುವಾಗ ಆಕಳಿಸುವ ಮಕ್ಕಳಿಗೆ ಇದನ್ನು ಗೋಡೆಯ ಮೇಲೆ ತೋರಿಸಿದರೆ ನಿದ್ದೆ ಬರಲಾರದು.

ಹೆಂಡದಂಗಡಿಯಿಂದ ಹೊರಬಂದ ಬಗೆ

ಊರಿನವರೊಬ್ಬರು ಹೇಳಿದ್ದು ಸುಳ್ಳಲ್ಲ. ಡಾರ್ಟ್ಸ್ ಬೆಳೆದದ್ದು ಇಂಗ್ಲೆಂಡಿನ ಪಬ್ಬುಗಳಲ್ಲಿ. ಗಣಿ, ಗಿರಣಿ, ಬಂದರುಗಳಲ್ಲಿ ದುಡಿದು ಬಂದವರು ಸಂಜೆ ಒಂದೆಡೆ ಸೇರುವ ಜಾಗ ಅದು. ಅಲ್ಲಿ ಕುಡಿತವೂ ಇತ್ತು, ಹಾಡೂ ಇತ್ತು, ಆಟವೂ ಇತ್ತು. ಇದು ಅದೃಷ್ಟದ ಆಟವೋ ಕೈಚಳಕದ ಆಟವೋ ಎಂಬ ಜಗಳವೂ ಹಳೆಯದೇ. 1908ರಲ್ಲಿ ಲೀಡ್ಸ್ ನಗರದ ಪಬ್ ಮಾಲೀಕನೊಬ್ಬನನ್ನು ಜೂಜು ಆಡಿಸಿದನೆಂದು ಕೋರ್ಟಿಗೆ ಎಳೆದಾಗ ಅವನು ನ್ಯಾಯಾಧೀಶರ ಎದುರೇ ಬೋರ್ಡು ತೂಗುಹಾಕಿಸಿ, ಮೂರು ಡಾರ್ಟನ್ನೂ 20ರ ಮನೆಗೆ ಹೊಡೆದು, “ಈಗ ನಿಮ್ಮ ಗುಮಾಸ್ತರು ಹೊಡೆಯಲಿ” ಎಂದನೆಂಬ ಕಥೆ ಡಾರ್ಟ್ಸ್ ಆಡುವವರ ಬಾಯಲ್ಲಿ ಇವತ್ತಿಗೂ ಇದೆ. ಕಥೆಯನ್ನು ಕಥೆಯೆಂದೇ ತೆಗೆದುಕೊಳ್ಳೋಣ. ಆದರೆ ಅದರ ತಿರುಳು ಸರಿ. ಅದೃಷ್ಟದಿಂದ ಒಂದು ಡಾರ್ಟು ಬೀಳಬಹುದು, ಮೂರೂ ಬೀಳಲಾರವು.

ಆಟವನ್ನು ಪಬ್ಬಿನ ಬಾಗಿಲು ದಾಟಿಸಿದ್ದು ಒಂದು ಪತ್ರಿಕೆ. ಲಂಡನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಎಂಬ ಭಾನುವಾರದ ಪತ್ರಿಕೆ 1927ರಲ್ಲಿ ಒಂದು ಪಂದ್ಯಾವಳಿ ಆರಂಭಿಸಿತು. ಮೊದಲ ವರ್ಷ ಲಂಡನ್ ಸುತ್ತಮುತ್ತಲಿನ ಸುಮಾರು ಸಾವಿರ ಮಂದಿ ಆಡಿದರು. 1937ರಲ್ಲಿ ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಸ್ಲೌ ಪಟ್ಟಣದ ಸಮುದಾಯ ಭವನಕ್ಕೆ ಹೋದಾಗ ಇಬ್ಬರೂ ಡಾರ್ಟ್ ಎಸೆದರು. ರಾಜನಿಗಿಂತ ರಾಣಿಗೆ ಎರಡು ಅಂಕ ಹೆಚ್ಚು ಬಂತು! ಮರುದಿನ ಪತ್ರಿಕೆಗಳಿಗೆ ಅದೇ ಸುದ್ದಿ. 1939ರ ಹೊತ್ತಿಗೆ ಪಂದ್ಯಾವಳಿಗೆ ಸೇರಿದವರ ಸಂಖ್ಯೆ ಎರಡೂವರೆ ಲಕ್ಷ ಮೀರಿತ್ತು. ಆ ವರ್ಷದ ಫೈನಲ್ ನೋಡಲು ಲಂಡನ್ನಿನ ರಾಯಲ್ ಅಗ್ರಿಕಲ್ಚರಲ್ ಹಾಲ್‌ನಲ್ಲಿ 14,500 ಜನ ಸೇರಿದ್ದರು. ಅಷ್ಟರಲ್ಲಿ ಮಹಾಯುದ್ಧ ಬಂತು, ಆಟ ನಿಂತಿತು. ಯುದ್ಧ ಮುಗಿದ ಮೇಲೆ ಪಂದ್ಯಾವಳಿ ಇಡೀ ದೇಶದ್ದಾಗಿ ಮತ್ತೆ ಎದ್ದಿತು.

ಟಿವಿ ಕೊಟ್ಟ ವೇದಿಕೆ

ಆಲಿ ಕ್ರಾಫ್ಟ್ ಎಂಬಾತ 1973ರ ಜನವರಿಯಲ್ಲಿ ಲಂಡನ್ನಿನ ತನ್ನ ಮನೆಯಲ್ಲೇ ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಷನ್ ಎಂಬ ಸಂಸ್ಥೆ ಕಟ್ಟಿದ. ಚಿಕ್ಕದಾಗಿ ‘ಬಿಡಿಒ’. ಅದೇ ಹೊತ್ತಿಗೆ ಟಿವಿಯವರು ಪರದೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಆಟಗಾರನ ಮುಖ, ಇನ್ನೊಂದು ಕಡೆ ಬೋರ್ಡು ತೋರಿಸುವ ಉಪಾಯ ಕಂಡುಕೊಂಡರು. ಎಸೆಯುವವನ ಹಣೆಯ ಬೆವರೂ, ಡಾರ್ಟು ನೆಟ್ಟ ಜಾಗವೂ ಒಟ್ಟಿಗೆ ಕಾಣತೊಡಗಿತು. ಹಳ್ಳಿಯಿಂದ ಹಳ್ಳಿಗೆ ಹಬ್ಬಿದ್ದ ಆಟ ಮನೆಮನೆಗೆ ಬಂತು.

ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1978ರ ಫೆಬ್ರುವರಿಯಲ್ಲಿ, ನಾಟಿಂಗ್‌ಹ್ಯಾಮ್ ನಗರದ ಒಂದು ನೈಟ್ ಕ್ಲಬ್ಬಿನಲ್ಲಿ. ಸ್ನೂಕರ್ ಪಂದ್ಯಗಳನ್ನು ಏರ್ಪಡಿಸುತ್ತಿದ್ದ ಮೈಕ್ ವಾಟರ್‌ಸನ್ ಇದರ ರೂವಾರಿ. ಆಡಿದವರು 16 ಮಂದಿ. ಫೈನಲ್‌ನಲ್ಲಿ ವೇಲ್ಸ್‌ನ ಲೇಟನ್ ರೀಸ್ ಇಂಗ್ಲೆಂಡಿನ ಜಾನ್ ಲೋ ಅವರನ್ನು 11-7ರಿಂದ ಸೋಲಿಸಿ 3,000 ಪೌಂಡ್ ಗೆದ್ದ. ಮರುವರ್ಷ ಲೋ ಅದೇ ರೀಸ್ ಮೇಲೆ ಸೇಡು ತೀರಿಸಿಕೊಂಡ. ಪಂದ್ಯಾವಳಿ ಸ್ಟೋಕ್ ನಗರದ ಜಾಲೀಸ್ ಕ್ಲಬ್ಬಿಗೆ, ಅಲ್ಲಿಂದ 1986ರಲ್ಲಿ ಫ್ರಿಮ್ಲಿ ಗ್ರೀನ್ ಎಂಬ ಊರಿನ ಲೇಕ್‌ಸೈಡ್ ಕ್ಲಬ್ಬಿಗೆ ಬಂತು. ಸೂಳೆಕೆರೆ ಏರಿಯ ಮೇಲೆ ಓಡಾಡುವ ನಮ್ಮ ಓದುಗರಿಗೆ ಹೆಸರು ಹಿಡಿಸೀತು. ಲೇಕ್‌ಸೈಡ್ ಎಂದರೆ ಕೆರೆದಂಡೆ!

ಈ ಪಂದ್ಯಾವಳಿಗೆ ಹಣ ಕೊಟ್ಟಿದ್ದು ಸಿಗರೇಟ್ ಕಂಪನಿ. ಆಗ ಆಟಗಾರರು ವೇದಿಕೆಯ ಮೇಲೇ ಸಿಗರೇಟು ಸೇದುತ್ತಾ, ಗ್ಲಾಸು ಎತ್ತುತ್ತಾ ಆಡುತ್ತಿದ್ದರು. ಟಿವಿ ಹಾಸ್ಯ ಕಾರ್ಯಕ್ರಮಗಳು ಅವರ ಹೊಟ್ಟೆಯನ್ನೂ ಗ್ಲಾಸನ್ನೂ ಗೇಲಿ ಮಾಡಿದವು. ಮರ್ಯಾದೆ ಹೋಗುತ್ತಿದೆ ಎಂದು ತಿಳಿದ ಮೇಲೆ ವೇದಿಕೆಯ ಮೇಲಿನ ಕುಡಿತ, ಧೂಮಪಾನಗಳಿಗೆ ತೆರೆ ಬಿತ್ತು. ಬ್ರಿಟನ್ ಸರ್ಕಾರದ ತಂಬಾಕು ಜಾಹೀರಾತು ನಿಷೇಧದಿಂದಾಗಿ 2003ರ ಪಂದ್ಯಾವಳಿಯ ನಂತರ ಆ ಕಂಪನಿಯ ಹೆಸರೂ ಹೋಯಿತು. ತಂದೆಯವರ ಆತಂಕಕ್ಕೆ ಉತ್ತರದ ಒಂದು ತುಂಡು ಇಲ್ಲಿದೆ. ಆಟಕ್ಕೆ ಅಂಟಿದ ಚಟ ಬೇರೆ, ಆಟವೇ ಬೇರೆ. ತೊಳೆದರೆ ಚಟ ಹೋಗುತ್ತದೆ, ಆಟ ಉಳಿಯುತ್ತದೆ.

ನೂರಾ ಮೂವತ್ತೆಂಟು

ಈಗ ನನ್ನ ಮೆಚ್ಚಿನ ಪಂದ್ಯಕ್ಕೆ ಬರುತ್ತೇನೆ. 1983ರ ಫೈನಲ್. ಒಂದು ಕಡೆ ಎರಿಕ್ ಬ್ರಿಸ್ಟೋ, ಆಗಲೇ ಎರಡು ಸಲ ವಿಶ್ವ ಚಾಂಪಿಯನ್. ಮುಂದೆ ಇನ್ನೂ ಮೂರು ಸಲ ಗೆದ್ದು ಒಟ್ಟು ಐದು ಮಾಡಿಕೊಂಡವನು. ಇನ್ನೊಂದು ಕಡೆ ಕೀತ್ ಡೆಲ್ಲರ್, 23ರ ಹುಡುಗ. ನೇರ ಪ್ರವೇಶವಿಲ್ಲದೆ ಅರ್ಹತಾ ಸುತ್ತು ಆಡಿ ಬಂದವನು. ಬರುವ ದಾರಿಯಲ್ಲಿ ಜಾಕಿ ವಿಲ್ಸನ್, ಜಾನ್ ಲೋ ಇಬ್ಬರನ್ನೂ ಕೆಡವಿದ್ದ.

ಸೆಟ್ 5-5. ಕೊನೆಯ ಸೆಟ್ಟಿನಲ್ಲಿ ಡೆಲ್ಲರ್‌ಗೆ ಗೆಲ್ಲಲು 138 ಬೇಕು. ಬ್ರಿಸ್ಟೋ ಸರದಿ, ಕೈಯಲ್ಲಿ ಕೊನೆಯ ಡಾರ್ಟು, ಬೇಕಾದದ್ದು 50. ನಡುವಿನ ಬುಲ್ಲಿಗೆ ಹೊಡೆದರೆ ಆ ಆಟ ಅವನದು. ಆದರೆ ಬುಲ್ ಚಿಕ್ಕದು. ‘138 ಈ ಹುಡುಗನಿಂದ ಆಗದ ಮಾತು, ಮುಂದಿನ ಸರದಿಯಲ್ಲಿ ಆರಾಮವಾಗಿ ಮುಗಿಸುತ್ತೇನೆ’ ಎಂದು ಲೆಕ್ಕ ಹಾಕಿದ ಬ್ರಿಸ್ಟೋ 18ಕ್ಕೆ ಹೊಡೆದು 32 ಉಳಿಸಿಕೊಂಡ. ಲೆಕ್ಕ ತಪ್ಪಲ್ಲ. ನೂರಕ್ಕೆ ತೊಂಬತ್ತು ಸಲ ಅದೇ ಸರಿ.

ಡೆಲ್ಲರ್ ಗೆರೆಯ ಹಿಂದೆ ಬಂದು ನಿಂತ. ಮೊದಲ ಡಾರ್ಟು 20ರ ಮೂರರಷ್ಟಕ್ಕೆ: 60. ಉಳಿದದ್ದು 78. ಎರಡನೆಯದು 18ರ ಮೂರರಷ್ಟಕ್ಕೆ: 54. ಉಳಿದದ್ದು 24. ಮೂರನೆಯದು 12ರ ಎರಡರಷ್ಟಕ್ಕೆ. ಸೊನ್ನೆ! ಅರ್ಹತಾ ಸುತ್ತಿನಿಂದ ಬಂದವನೊಬ್ಬ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಡೆಲ್ಲರ್ ಅಲ್ಲಿ ನಿಂತು ಲೆಕ್ಕ ಹಾಕಲಿಲ್ಲ. 138ಕ್ಕೆ ದಾರಿ ಯಾವುದು, 137ಕ್ಕೆ ಯಾವುದು, ಮೊದಲ ಡಾರ್ಟು ತಪ್ಪಿದರೆ ಮುಂದೇನು ಎಂಬುದೆಲ್ಲ ಅವನಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ಕೈ ಎಸೆಯುವಾಗ ತಲೆ ಖಾಲಿಯಾಗಿರಬೇಕಾದರೆ ಲೆಕ್ಕ ಮುಂಚೆಯೇ ಮುಗಿದಿರಬೇಕು.

ಇನ್ನೊಂದು ಲೆಕ್ಕ. 501ನ್ನು ಅತಿ ಕಡಿಮೆ ಎಂದರೆ ಎಷ್ಟು ಡಾರ್ಟಿನಲ್ಲಿ ಮುಗಿಸಬಹುದು? ಒಂಬತ್ತು. ಮೊದಲ ಆರು ಡಾರ್ಟಿಗೆ 360, ಉಳಿದ ಮೂರಕ್ಕೆ 141. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಇದನ್ನು ಮೊದಲು ಸಾಧಿಸಿದವನು ಇಂಗ್ಲೆಂಡಿನವನಲ್ಲ, ನಮ್ಮ ಏಷ್ಯಾದವನು. ಸಿಂಗಪುರದಲ್ಲಿ ಹುಟ್ಟಿದ ಪಾಲ್ ಲಿಮ್, 1990ರಲ್ಲಿ. ಆ ಒಂಬತ್ತು ಡಾರ್ಟಿಗೆ ಸಿಕ್ಕ ಬಹುಮಾನ 52,000 ಪೌಂಡ್. ಆ ವರ್ಷ ಚಾಂಪಿಯನ್ ಆದವನಿಗೆ ಸಿಕ್ಕಿದ್ದು 24,000!

ಗುರುವಿಗೇ ತಿರುಮಂತ್ರ

ಆ ಚಾಂಪಿಯನ್ ಯಾರು? ಅದೂ ಒಂದು ಕಥೆಯೇ. ಐದನೇ ಸಲ ಗೆದ್ದ ಮೇಲೆ ಬ್ರಿಸ್ಟೋಗೆ ಒಂದು ವಿಚಿತ್ರ ಕಾಯಿಲೆ ಅಂಟಿತು. ಡಾರ್ಟು ಹಿಡಿದು ಕೈ ಎತ್ತುತ್ತಾನೆ, ಬೆರಳು ಬಿಡುವುದಿಲ್ಲ. ಆಟಗಾರರು ಇದನ್ನು ‘ಡಾರ್ಟೈಟಿಸ್’ ಎನ್ನುತ್ತಾರೆ. ಕೈಗೆ ಏನೂ ಆಗಿರುವುದಿಲ್ಲ, ಮನಸ್ಸು ಹಿಡಿದುಕೊಂಡಿರುತ್ತದೆ. ಉತ್ತರ ಗೊತ್ತಿದ್ದೂ ಪರೀಕ್ಷೆಯ ಹಾಲಿನಲ್ಲಿ ಪೆನ್ನು ಓಡದೆ ಕೂತ ಮಕ್ಕಳನ್ನು ನಾನು ನೋಡಿದ್ದೇನೆ; ಇದು ಅದರ ಅಣ್ಣ.

ಅಂಥ ಹೊತ್ತಿನಲ್ಲಿ ಬ್ರಿಸ್ಟೋ ಕಣ್ಣಿಗೆ ಬಿದ್ದವನು ಸ್ಟೋಕ್ ನಗರದ ಫಿಲ್ ಟೇಲರ್. ಕಾರ್ಖಾನೆಯಲ್ಲಿ ಪಿಂಗಾಣಿ ಹಿಡಿಕೆಗಳನ್ನು ಮಾಡುತ್ತಿದ್ದ ಕೂಲಿಯವನು. ಬ್ರಿಸ್ಟೋ ಅವನಿಗೆ ಸುಮಾರು ಹತ್ತು ಸಾವಿರ ಪೌಂಡ್ ಸಾಲ ಕೊಟ್ಟು, ಕೆಲಸ ಬಿಟ್ಟು ಆಡು ಎಂದ. ಕೊಟ್ಟದ್ದಷ್ಟೇ ಅಲ್ಲ, ಗುರುವಿನಂತೆ ಕಾಡಿದ. ಸೋತ ಸುದ್ದಿ ಹೇಳಲು ಟೇಲರ್ ಫೋನ್ ಮಾಡಿದರೆ ಮಾತು ಮುಗಿಯುವ ಮುಂಚೆ ಇಟ್ಟುಬಿಡುತ್ತಿದ್ದನಂತೆ, ಗೆದ್ದಾಗ ಮಾಡು ಎಂದು. 1990ರ ಫೈನಲ್‌ನಲ್ಲಿ ಗುರುಶಿಷ್ಯರೇ ಎದುರಾದರು. ಶಿಷ್ಯ 6-1ರಿಂದ ಗೆದ್ದ. ಮುಂದೆ 2013ರವರೆಗೆ ಒಟ್ಟು 16 ಸಲ ಟೇಲರ್ ವಿಶ್ವ ಚಾಂಪಿಯನ್ ಆದ. ಆ ದಾಖಲೆಯನ್ನು ಯಾರೂ ಮುಟ್ಟಿಲ್ಲ. ಗುರು ಮಾತ್ರ ಮತ್ತೆ ಗೆಲ್ಲಲಿಲ್ಲ.

ಮನೆ ಎರಡಾಯಿತು

ಹಣ ಬಂದ ಮನೆಯಲ್ಲಿ ಪಾಲು ಬರುವುದು ತಡವಾಗುವುದಿಲ್ಲ. ಹಣ ಕಡಿಮೆಯಾದರೆ ಇನ್ನೂ ಬೇಗ. 1980ರ ದಶಕದ ಕೊನೆಗೆ ಟಿವಿಯವರು ಡಾರ್ಟ್ಸ್ ತೋರಿಸುವುದನ್ನು ಕಡಿಮೆ ಮಾಡುತ್ತಾ ಬಂದು ಕಡೆಗೆ ವಿಶ್ವ ಚಾಂಪಿಯನ್‌ಷಿಪ್ ಒಂದೇ ಉಳಿಯಿತು. ಆಟಗಾರರು ಬಿಡಿಒ ಮೇಲೆ ಸಿಟ್ಟಾದರು. 1992ರಲ್ಲಿ 16 ಮಂದಿ ಸೇರಿ ತಮ್ಮದೇ ಸಂಸ್ಥೆ ಕಟ್ಟಿದರು. ಅದೇ ಮುಂದೆ ಪಿಡಿಸಿ ಆಯಿತು. 1993ರ ಪಂದ್ಯಾವಳಿಯೇ ಎಲ್ಲರೂ ಒಟ್ಟಿಗೆ ಆಡಿದ ಕೊನೆಯದು. 1994ರಿಂದ ಒಂದೇ ಆಟಕ್ಕೆ ಇಬ್ಬರು ವಿಶ್ವ ಚಾಂಪಿಯನ್ನರು. ಕೋರ್ಟು, ಕಚೇರಿ, ಬಹಿಷ್ಕಾರ ಎಲ್ಲ ಆಗಿ 1997ರಲ್ಲಿ ರಾಜಿಯಾಯಿತು. ಆದರೆ ಮನೆ ಒಂದಾಗಲಿಲ್ಲ.

ಹೊಸ ಮನೆ ಬೆಳೆಯಿತು. 2007ರ ಅದರ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ರೇಮಂಡ್ ವಾನ್ ಬಾರ್ನೆವೆಲ್ಡ್ ಎಂಬ ಮಾಜಿ ಅಂಚೆಯಾಳು ಟೇಲರ್‌ನನ್ನು 7-6ರಿಂದ, ಕಟ್ಟಕಡೆಯ ಆಟದಲ್ಲಿ ಸೋಲಿಸಿದ. ಅದೇ ವರ್ಷದ ಡಿಸೆಂಬರಿನಿಂದ ಪಂದ್ಯಾವಳಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ನಡೆಯುತ್ತಿದೆ. ಹಳೆಯ ಮನೆ ಸೊರಗುತ್ತಾ ಬಂದು 2020ರಲ್ಲಿ ಬಿಡಿಒ ಬಾಗಿಲು ಹಾಕಿತು. ಸುಮಾರು ಐವತ್ತು ವರ್ಷದ ಕೆಳಗೆ ಒಬ್ಬನ ಮನೆಯಲ್ಲಿ ಹುಟ್ಟಿ, ಈ ಆಟಕ್ಕೆ ವಿಶ್ವಮಟ್ಟದ ವೇದಿಕೆ ಕೊಟ್ಟ ಸಂಸ್ಥೆ ಅದು. ತನ್ನ ಆಟಗಾರರ ಮಾತನ್ನು ಹೊತ್ತಿಗೆ ಸರಿಯಾಗಿ ಕೇಳಿದ್ದರೆ ಬಾಳುತ್ತಿತ್ತೇನೋ.

ಹೆಣ್ಣುಮಕ್ಕಳು, ಹುಡುಗರು

ಲೇಕ್‌ಸೈಡಿನಲ್ಲಿ ಹೆಣ್ಣುಮಕ್ಕಳ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 2001ರಲ್ಲಿ, ಗಂಡಸರದು ಶುರುವಾಗಿ 23 ವರ್ಷದ ಮೇಲೆ. ಮೊದಲ ಏಳು ಸಲವೂ ಗೆದ್ದವಳು ಟ್ರಿನಾ ಗಲಿವರ್. ಬಡಗಿ ಕೆಲಸ ಕಲಿತವಳು. 2019ರ ಡಿಸೆಂಬರಿನಲ್ಲಿ ಅಲೆಕ್ಸಾಂಡ್ರಾ ಪ್ಯಾಲೇಸಿನ ಪಂದ್ಯಾವಳಿಯಲ್ಲಿ ಫಾಲನ್ ಶೆರಾಕ್ ಎಂಬ ಯುವತಿ ಟೆಡ್ ಎವೆಟ್ಸ್ ಎಂಬಾತನನ್ನು 3-2ರಿಂದ ಸೋಲಿಸಿದಳು. ಅಲ್ಲಿ ಗಂಡಸನ್ನು ಸೋಲಿಸಿದ ಮೊದಲ ಹೆಣ್ಣು ಆಕೆ. ಮುಂದಿನ ಸುತ್ತಿನಲ್ಲಿ ಇನ್ನೊಬ್ಬನನ್ನೂ ಮನೆಗೆ ಕಳಿಸಿದಳು. 2.37 ಮೀಟರ್ ದೂರದಿಂದ ಎಸೆಯಲು ತೋಳಬಲ ಬೇಕಿಲ್ಲ. ಕೆರೆಬಿಳಚಿಯ ಆ ಪಡಸಾಲೆಯಲ್ಲಿ ಹುಡುಗನ ತಂಗಿಯೂ ಇದ್ದರೆ ಅವಳ ಕೈಗೂ ಮೂರು ಡಾರ್ಟು ಕೊಡಬೇಕೆಂದು ನನ್ನ ಶಿಫಾರಸು.

ಇನ್ನು ಮಗ ಹೇಳಿದ ಹದಿನೇಳರ ಹುಡುಗ. ಹೆಸರು ಲ್ಯೂಕ್ ಲಿಟ್ಲರ್, ಊರು ವಾರಿಂಗ್ಟನ್. ನಡೆಯಲು ಕಲಿತ ಹೊಸತರಲ್ಲೇ ಅಯಸ್ಕಾಂತದ ಆಟಿಕೆ ಬೋರ್ಡಿಗೆ ಎಸೆಯಲು ಶುರುಮಾಡಿದವನು. 2024ರ ಫೈನಲ್‌ನಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಲ್ಯೂಕ್ ಹಂಫ್ರೀಸ್ ಎದುರು 7-4ರಿಂದ ಸೋತ. ಒಂದು ವರ್ಷ ಬಿಟ್ಟು 2025ರ ಜನವರಿ 3ರಂದು ಮೈಕೆಲ್ ವಾನ್ ಗರ್ವೆನ್‌ನನ್ನು 7-3ರಿಂದ ಸೋಲಿಸಿ ಅತಿ ಕಿರಿಯ ವಿಶ್ವ ಚಾಂಪಿಯನ್ ಆದ. 2026ರಲ್ಲಿ ಮತ್ತೆ ಗೆದ್ದ. ಆ ಸಲದ ಬಹುಮಾನ ಹತ್ತು ಲಕ್ಷ ಪೌಂಡ್, ನಮ್ಮ ಲೆಕ್ಕದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಮಿಕ್ಕಿ. ಅದೇ ಪಂದ್ಯಾವಳಿಯಲ್ಲಿ ಭಾರತದ ನಿತಿನ್ ಕುಮಾರ್ ಒಂದು ಪಂದ್ಯ ಗೆದ್ದರು. ಆ ವೇದಿಕೆಯಲ್ಲಿ ಭಾರತೀಯರೊಬ್ಬರಿಗೆ ಸಿಕ್ಕ ಮೊದಲ ಗೆಲುವು ಅದು.

ಹಾಗಾದರೆ ಬೋರ್ಡನ್ನು ಏನು ಮಾಡುವುದು?

ಉತ್ತರ ಹೇಳುವ ಮುಂಚೆ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತು. ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಳೆಯುವ ಲೆಕ್ಕ ಬೋರ್ಡಿನ ಮೇಲೆ ಬರೆದರೆ ತಪ್ಪು ಮಾಡುತ್ತಿದ್ದ. ಆದರೆ ಗೋಲಿ ಆಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂಟು ಹುಡುಗರಲ್ಲಿ ಯಾರು ಯಾರಿಗೆ ಎಷ್ಟು ಗೋಲಿ ಕೊಡಬೇಕು ಎಂಬುದನ್ನು ಮೂರು ದಿನದ ಮೇಲೂ ತಪ್ಪದೆ ಹೇಳುತ್ತಿದ್ದ. ಅದು ನನಗೆ ಗಣಿತವಾಗಿ ಕಾಣಲಿಲ್ಲ, ಪೋಲಿತನವಾಗಿ ಕಂಡಿತು. ಒಂದು ದಿನ ಅವನ ಗೋಲಿಯ ಚೀಲ ಕಿತ್ತುಕೊಂಡು ಎಲ್ಲರೆದುರಿಗೆ ನಾಲೆಗೆ ಎಸೆದೆ. ಬೇಸಿಗೆ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಅಂಗಡಿಯವನು ಒಂಬತ್ತು ಬಗೆಯ ತರಕಾರಿಯ ಲೆಕ್ಕವನ್ನು ಕಾಗದ ಮುಟ್ಟದೆ ಒಂದೇ ಉಸಿರಿಗೆ ಕೂಡಿ, ಕೊಟ್ಟ ನೋಟಿನಲ್ಲಿ ಕಳೆದು, ಚಿಲ್ಲರೆ ಕೈಗಿಟ್ಟ. ನಂತರ ನನ್ನ ಮುಖ ನೋಡಿ ಹೇಳಿದ: “ಸಾರ್, ಲೆಕ್ಕ ಸರಿ ಇದೆಯಾ ನೋಡಿಕೊಳ್ಳಿ.” ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಬ್ರಿಸ್ಟೋ ಒಬ್ಬ ಕೂಲಿಯವನ ಕೈಚಳಕ ನೋಡಿ ಹಣ ಕೊಟ್ಟ. ಓದಿಕೊಂಡ ನಾನು ಒಬ್ಬ ಹುಡುಗನ ತಲೆಯನ್ನು ನೋಡದೆ ಚೀಲ ಕಿತ್ತುಕೊಂಡೆ.

ಆದ್ದರಿಂದ ಕೆರೆಬಿಳಚಿಯ ಯಜಮಾನರೇ, ಬೋರ್ಡನ್ನು ಒಲೆಗೆ ಹಾಕಬೇಡಿ. ಬದಲು ಮೂರು ಕೆಲಸ ಮಾಡಿ.

ಒಂದು, ಜಾಗ ಬದಲಿಸಿ. ಪಡಸಾಲೆಯಲ್ಲಿ ಜನ ಓಡಾಡುತ್ತಾರೆ. ಡಾರ್ಟಿನ ಮೊನೆ ನಿಜವಾದ ಮೊನೆ, ಕಣ್ಣಿಗೆ ತಗುಲಿದರೆ ಕಣ್ಣೇ ಹೋಗುತ್ತದೆ. ಪಕ್ಕದಲ್ಲಿ ಬಾಗಿಲಿಲ್ಲದ ಗೋಡೆ ನೋಡಿ. ಚಿಕ್ಕ ಮಕ್ಕಳು ಎದುರಿಗೆ ಸುಳಿಯದಂತೆ, ಆಟ ಮುಗಿದ ಮೇಲೆ ಡಾರ್ಟು ಅವರ ಕೈಗೆ ಸಿಗದಂತೆ ಕಟ್ಟುನಿಟ್ಟು ಮಾಡಿ.

ಎರಡು, ಹೊತ್ತು ಗೊತ್ತುಮಾಡಿ. ಓದು ಮುಗಿದ ಮೇಲೆ ಅರ್ಧ ಗಂಟೆ. ಒಂದು ರೂಪಾಯಿಯ ಪಣವೂ ಕೂಡದು. ಪಣ ಬಂದ ದಿನ ಬೋರ್ಡು ಒಲೆಗೆ ಎಂದು ಮೊದಲೇ ಹೇಳಿಬಿಡಿ, ಹೇಳಿದ್ದನ್ನು ನಡೆಸಿ.

ಮೂರು, ಇದು ಮುಖ್ಯ: ವಾರಕ್ಕೊಂದು ದಿನ ನೀವೂ ಆಡಿ. ಅವನು ಎಸೆದಾಗ ನೀವು ಲೆಕ್ಕ ಬರೆಯಿರಿ, ನೀವು ಎಸೆದಾಗ ಅವನು ಬಾಯಲ್ಲೇ ಕಳೆಯಲಿ. 501ರಲ್ಲಿ 57 ಹೋದರೆ? 444ರಲ್ಲಿ 85 ಹೋದರೆ? ಒಂದು ತಿಂಗಳಲ್ಲಿ ಯಾರ ಲೆಕ್ಕ ಚುರುಕಾಯಿತೆಂದು ನನಗೆ ಬರೆಯಿರಿ.

ಇನ್ನು ಮಗನಿಗೊಂದು ಮಾತು. ಮಗೂ, ಲಿಟ್ಲರ್ ಕಥೆ ನಿಜ. ಆದರೆ ಅವನ ಹಿಂದೆ ಅದೇ ಬೋರ್ಡಿಗೆ ಎಸೆದು ಎಸೆದು ಯಾರಿಗೂ ಹೆಸರು ತಿಳಿಯದೆ ಉಳಿದವರು ಲಕ್ಷಾಂತರ ಮಂದಿ ಇದ್ದಾರೆ, ಅದೂ ಅಷ್ಟೇ ನಿಜ. ಡಾರ್ಟು ತಪ್ಪಿದರೆ ಮುಂದಿನ ಸರದಿ ಎರಡು ನಿಮಿಷದಲ್ಲಿ ಬರುತ್ತದೆ. ಪರೀಕ್ಷೆ ತಪ್ಪಿದರೆ ಸರದಿ ಅಷ್ಟು ಬೇಗ ಬರುವುದಿಲ್ಲ. ಡೆಲ್ಲರ್ 138 ಹೊಡೆದದ್ದು ಆ ಕ್ಷಣದ ಧೈರ್ಯದಿಂದ ಮಾತ್ರವಲ್ಲ, ಅದಕ್ಕೆ ಮುಂಚೆ ಮನೆಯಲ್ಲಿ ಯಾರೂ ನೋಡದಿದ್ದಾಗ ಮಾಡಿದ ಲೆಕ್ಕದಿಂದ. ನಿನ್ನ ಗಣಿತದ ಪುಸ್ತಕಕ್ಕೂ ಅದೇ ನ್ಯಾಯ.

ಕೊನೆಗೆ ಎಲ್ಲ ಮಕ್ಕಳಿಗೂ ಒಂದು ಪ್ರಶ್ನೆ. ಮೂರು ಡಾರ್ಟಿನಲ್ಲಿ ಮುಗಿಸಬಹುದಾದ ಅತಿ ದೊಡ್ಡ ಸಂಖ್ಯೆ 170: 60, 60, ಕೊನೆಗೆ ಬುಲ್ 50. ಆದರೆ 170ಕ್ಕಿಂತ ಚಿಕ್ಕದಾಗಿದ್ದೂ ಮೂರು ಡಾರ್ಟಿನಲ್ಲಿ ಮುಗಿಸಲಾಗದ ಸಂಖ್ಯೆಗಳು ಕೆಲವಿವೆ. ಕೊನೆಯ ಡಾರ್ಟು ಎರಡರಷ್ಟಕ್ಕೋ ಬುಲ್ಲಿಗೋ ಬೀಳಬೇಕೆಂಬುದನ್ನು ಮರೆಯಬೇಡಿ. 1ನ್ನು ಬಿಟ್ಟರೆ ಅಂಥವು ಒಟ್ಟು ಏಳು. ಯಾವುವು? ಬೋರ್ಡು ಬೇಡ, ಡಾರ್ಟು ಬೇಡ, ಕಾಗದ ಪೆನ್ಸಿಲ್ ಸಾಕು. ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮಾಡಿ. ಉತ್ತರ ಮುಂದಿನ ವಾರ.